ಸಿ.ಎಸ್. ಪುರದ ದಾರಿಯಲ್ಲಿ ಒಂದು ಲ್ಯಾಟಿನ್ ಹಾಡು

ಮಧ್ಯಾಹ್ನ ಗುಬ್ಬಿಯಿಂದ ಸಿ.ಎಸ್. ಪುರಕ್ಕೆ ಹೊರಟಿದ್ದೆವು. ಕಾರಿನಲ್ಲಿ ಜೊತೆಗಿದ್ದವರು ಫ್ರಾನ್ಸಿನ ಗೆಳೆಯ ಎತಿಯೆನ್. ಶತಮಾನಗಳ ಹಿಂದಿನ ಚರ್ಚ್ ಹಾಡುಗಳನ್ನು ಹುಡುಕಿ, ತಂಡ ಕಟ್ಟಿ, ಎದುರು ನಿಂತು ಕೈಸನ್ನೆಯಲ್ಲಿ ಹಾಡಿಸುವುದರಲ್ಲೇ ಅವರ ಆಯುಷ್ಯ ಕಳೆದಿತ್ತು. ಆ ತಂಡದಲ್ಲೇ ಹಾಡುತ್ತಿದ್ದ ಹೆಂಡತಿ ಹೋದ ವರ್ಷ ತೀರಿಕೊಂಡ ಮೇಲೆ ಎಲ್ಲವನ್ನೂ ಬಿಟ್ಟಿದ್ದರು.

ರಸ್ತೆ ಬದಿಯ ಮನೆಯೊಂದರ ಮುಂದೆ ಶಾಮಿಯಾನ ಹಾಕಿ, ಹೆಣ ಕೂರಿಸಿ ಭಜನೆ ಮಾಡುತ್ತಿದ್ದರು. ಎತಿಯೆನ್ ಕಾರು ನಿಲ್ಲಿಸಲು ಹೇಳಿ, ಬೂಟು ಬಿಚ್ಚಿಟ್ಟು, ಹಿಂದಿನ ಚಾಪೆಯಲ್ಲಿ ಕೂತರು.

ಒಂದು ಭಜನೆ ಪದ ಮುಗಿದಾಗ ಹಾರ್ಮೋನಿಯಂನವರು ನನ್ನನ್ನು ಕೇಳಿದರು: “ಅವ್ರೂ ಹಾಡ್ತಾರಾ ಸ್ವಾಮಿ?”

“ಬೇರೆಯವ್ರ ಕೈಲಿ ಹಾಡಿಸ್ತಾರೆ.”

“ಇವತ್ತು ಅವ್ರೇ ಒಂದು ಹೇಳ್ಲಿ ಬುಡಿ.”

ನಾನು ಅದನ್ನು ತಿಳಿಸಿದಾಗ ಎತಿಯೆನ್ ಕಣ್ಣು ಮುಚ್ಚಿ ಲ್ಯಾಟಿನ್‌ನಲ್ಲಿ ಶುರುಮಾಡಿದರು. ಹೆಂಡತಿಯನ್ನು ಮಣ್ಣು ಮಾಡಿದ ದಿನ ತಂಡದಿಂದ ಹಾಡಿಸಲು ಕೈಯೇ ಮೇಲೇಳದಿದ್ದ ಹಾಡು ಅದು ಎಂದು ಆಮೇಲೆ ಹೇಳಿದರು. ನನಗೆ ಅಚ್ಚರಿಯಾದದ್ದು ಹಾರ್ಮೋನಿಯಂನವರನ್ನು ಕಂಡು. ಅವರು ಆ ದನಿಯ ಶ್ರುತಿ ಹುಡುಕಿ, ಒಂದೇ ಸ್ವರ ಹಿಡಿದು, ಹಾಡು ಮುಗಿಯುವವರೆಗೂ ಬಿಡಲಿಲ್ಲ.

ಹೆಣದ ಪಕ್ಕ ಕೂತಿದ್ದ ಅಜ್ಜಿ, ಸತ್ತವರ ಹೆಂಡತಿ, ತಲೆ ಎತ್ತಿ ನನ್ನನ್ನು ಕೇಳಿದರು.

“ಇವ್ರ ಮನೇಲಿ ಯಾರಪ್ಪಾ ಹೋದೋರು?”

“ಹೆಂಡ್ತಿ ಕಣವ್ವಾ.”

ಅಜ್ಜಿ ಸ್ವಲ್ಪ ಸರಿದು, ಪಕ್ಕದಲ್ಲಿ ಜಾಗ ಮಾಡಿ, ಎತಿಯೆನ್ ಕಡೆ ನೋಡಿ ಚಾಪೆ ತಟ್ಟಿದರು. “ಬಾರಪ್ಪಾ, ಇಲ್ಲಿ ಕೂತ್ಕೊ.”