ತುಂಗೆಯ ದವಡೆ ಹಲ್ಲು

ಹಲ್ಲಿನ ಡಾಕ್ಟರರ ಯಂತ್ರ ಒಳಗೆ ಗುಂಯ್ ಎಂದಾಗ ಹೊರಗೆ ಕಾಯುವವರ ಮುಖ ನೋಡಬೇಕು. ಪುತ್ತೂರಿನ ಈ ಕ್ಲಿನಿಕ್ಕಿನ ಬೆಂಚಿನಲ್ಲಿ ಕೂತವರೆಲ್ಲ ತಮ್ಮ ತಮ್ಮ ಕೆನ್ನೆ ಮುಟ್ಟಿಕೊಂಡರು. ನನಗೆ ಮಾತ್ರ ಬಾಗಿಲ ಸಂದಿನಿಂದ ಬಂದ ಆ ವಾಸನೆ, ಉಗುರು ಸುಟ್ಟಂಥ ಆ ಸಣ್ಣ ಕಮಟು, ಹಿತವಾಗಿಯೇ ಇತ್ತು. ಒಳಗೆ ಬಾಯಿ ತೆರೆದು ಕೂತದ್ದು ನನ್ನ ಚಿಕ್ಕಮ್ಮ. ಅವರ ಹಲ್ಲು ಹೋಗುವಾಗ ನನಗೆ ಹಿತವೆನಿಸಿತು ಎಂದರೆ ನೀವು ನನ್ನನ್ನು ಏನೆಂದುಕೊಳ್ಳುತ್ತೀರೋ. ಏನು ಮಾಡಲಿ, ಹಲ್ಲು ಕೊಯ್ಯುವ ವಾಸನೆ ನನ್ನ ಕೆಲಸದ ವಾಸನೆ.

ನಾನು ಡಾಕ್ಟರಲ್ಲ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಉಳಿದ ಹೊತ್ತಿನಲ್ಲಿ, ವಂಶವೇ ಅಳಿದುಹೋದ ಪ್ರಾಣಿಗಳು ಮರಿಯಾಗಿದ್ದಾಗ ಹೇಗೆ ಬೆಳೆದವು ಎಂದು ಅವುಗಳ ಎಲುಬು, ಹಲ್ಲುಗಳಲ್ಲಿ ಹುಡುಕುತ್ತೇನೆ. ಬದುಕಿದವರ ಹಲ್ಲು ನೋಡಿದ್ದರೆ ನಾಲ್ಕು ಜನಕ್ಕೆ ಉಪಕಾರವಾಗುತ್ತಿತ್ತು ಎಂದು ಉಪ್ಪಿನಂಗಡಿ ಬಸ್ಸಿನಲ್ಲಿ ಒಬ್ಬರು ನನ್ನ ಮುಖಕ್ಕೇ ಹೇಳಿದ್ದುಂಟು.

ವಿಷಯ ಅಂಥ ಕಷ್ಟದ್ದಲ್ಲ. ಪತ್ರೊಡೆಯನ್ನು ಅಡ್ಡ ಕೊಯ್ದರೆ ಎಲೆ, ಹಿಟ್ಟು, ಮತ್ತೆ ಎಲೆ ಎಂದು ಪದರ ಕಾಣುತ್ತದಲ್ಲ, ಹಲ್ಲೂ ಹಾಗೆಯೇ ಪದರ ಪದರವಾಗಿ ಬೆಳೆಯುತ್ತದೆ. ಹುಟ್ಟಿದ ಹೊತ್ತಿನ ಪದರದಲ್ಲಿ ಸತು ಹೆಚ್ಚು. ಹಾಲು ಕುಡಿಯುವಷ್ಟು ಕಾಲ ಬೇರಿಯಂ ಎಂಬ ಇನ್ನೊಂದು ಧಾತು ಏರಿರುತ್ತದೆ, ಹಾಲು ಬಿಟ್ಟ ಮೇಲೆ ಇಳಿಯುತ್ತದೆ. ಎಲುಬು ಸುತ್ತಲಿನ ಮಣ್ಣನ್ನು ಹೀರಿಕೊಂಡು ಕೆಡುತ್ತದೆ. ಹಲ್ಲಿನ ಮೇಲಿನ ಗಟ್ಟಿ ಕವಚ ಅಷ್ಟು ಸುಲಭಕ್ಕೆ ಕೆಡುವುದಿಲ್ಲ.

ನನ್ನ ಕಣ್ಣು ಇದ್ದದ್ದು ಒಂದು ನೀರುಕುದುರೆ ಮರಿಯ ಹಲ್ಲಿನ ಮೇಲೆ. ಹಿಮಾಲಯದ ತಪ್ಪಲಿನ ಹೊಳೆಗಳಲ್ಲಿ ಲಕ್ಷಾಂತರ ವರ್ಷಗಳ ಹಿಂದೆ ಬದುಕಿ, ಈಗ ಕಲ್ಲಾಗಿ ಮಾತ್ರ ಸಿಗುವ ಜಾತಿ. ಅಷ್ಟು ಎಳೆಯ ಹಲ್ಲು ನನಗೆ ಗೊತ್ತಿದ್ದದ್ದು ಅದೊಂದೇ, ಅದೂ ಉತ್ತರದ ಒಬ್ಬ ಹಿರಿಯ ವಿಜ್ಞಾನಿಯ ಕಪಾಟಿನಲ್ಲಿ. ಕೊಯ್ದರೆ ಮತ್ತೆ ಕೂಡಿಸಲಾಗದು. ಮೊದಲು, ಯಾವಾಗ ಹುಟ್ಟಿತು, ಯಾವಾಗ ಹಾಲು ಬಿಟ್ಟಿತು ಎಂದು ಗೊತ್ತಿರುವ ಪ್ರಾಣಿಯ ಹಲ್ಲನ್ನು ಓದಿ ತೋರಿಸು, ಸರಿಬಂದರೆ ಇದನ್ನು ಕೊಡುತ್ತೇನೆ ಎಂದಿದ್ದರು. ತಪ್ಪಿದರೆ ಆ ಹಲ್ಲಿನ ಆಸೆ ಬಿಡಬೇಕಿತ್ತು.

ಆಗ ನೆನಪಾದದ್ದು ತುಂಗೆ. ನೆಲ್ಯಾಡಿ ಹತ್ತಿರದ ಚಿಕ್ಕಮ್ಮನ ಮನೆಯ ದನ. ದೀಪಾವಳಿಯ ಗೋಪೂಜೆಯ ದಿನ ಹುಟ್ಟಿದ್ದು. ತಿಂಗಳು ಕಳೆದು ಷಷ್ಠಿಯ ದಿನ ಅದರ ತಾಯಿ ಬೇಲಿಯ ಸಂದಿಯಿಂದ ಪಕ್ಕದ ಮಲಯಾಳಿ ಮನೆಯ ಅನ್ನಮ್ಮ ಚೇಚಿಯ ತೋಟಕ್ಕೆ ನುಗ್ಗಿ, ಮರಗೆಣಸಿನ ಎಲೆ ಮೇಯ್ದು, ಹೊಟ್ಟೆ ಉಬ್ಬರಿಸಿ ಸತ್ತಿತು. ಮರಗೆಣಸಿನ ಸೊಪ್ಪು ದನಕ್ಕೆ ವಿಷ ಎಂದು ಆ ಕಡೆಯ ಮಕ್ಕಳಿಗೂ ಗೊತ್ತು. ಬೇಲಿಯ ಬುಡಕ್ಕೇ ಅದನ್ನು ನೆಟ್ಟದ್ದು ಯಾಕೆ ಎಂದು ಚಿಕ್ಕಮ್ಮ ಜಗಳ ತೆಗೆದರು. ಬೇಲಿಯ ಸಂದಿಗೆ ತಂತಿ ಬಿಗಿದರು, ಮಾತೂ ಬಿಟ್ಟರು. ಕರುವನ್ನು ಗಂಜಿಯ ತೆಳಿ ಕುಡಿಸಿಯೇ ಸಾಕಿದರು. ಆ ಗಂಜಿಯ ಕತೆಯನ್ನು ಅವರು ಹೇಳದ ಮದುವೆಮನೆಯಿಲ್ಲ. ಮುಂದೆ ಎಳೆ ಪ್ರಾಯದಲ್ಲೇ ಹಾವು ಕಡಿದು ತುಂಗೆಯೂ ಸತ್ತಿತು. ಅದನ್ನು ಹೂತು, ಮೇಲೆ ತೆಂಗಿನ ಸಸಿ ನೆಟ್ಟಿದ್ದರು.

ಹುಟ್ಟಿದ ದಿನ ಗೊತ್ತು, ಹಾಲು ನಿಂತ ದಿನ ಗೊತ್ತು, ಹಲ್ಲು ಸವೆದಿಲ್ಲ. ನನಗೆ ಇನ್ನೇನು ಬೇಕು? ದವಡೆ ಬೇಕೆಂದು ಕೇಳಿದಾಗ ಚಿಕ್ಕಮ್ಮ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಚಾ ಕುಡಿದು ಹೊರಡು ಎಂದರು. ಮುಂದಿನ ಭಾನುವಾರವೂ ಹೋದೆ, ಅದರ ಮುಂದಿನ ಭಾನುವಾರವೂ ಹೋದೆ. ಹಟದಲ್ಲಿ ನಾನು ಅವರದೇ ರಕ್ತ. ಕೊನೆಗೆ ಸಸಿ ಬಾಡಬಾರದು, ದವಡೆ ಬಿಟ್ಟು ಬೇರೇನೂ ಮುಟ್ಟಬಾರದು ಎಂಬ ಕರಾರಿನ ಮೇಲೆ ಒಪ್ಪಿದರು. ನಾನೇ ತೋಡಿದೆ. ಪ್ರೀತಿ ಹೆಚ್ಚಾಗಿ ಅವರು ಹೊಂಡಕ್ಕೆ ಉಪ್ಪು, ಸುಣ್ಣ ಧಾರಾಳ ಸುರಿದಿದ್ದರು. ಎಲುಬು ಕೈಗೆ ಬಂದದ್ದು ಹಳೆಯ ರಸ್ಕಿನ ಹಾಗೆ. ಹಲ್ಲುಗಳು ಮಾತ್ರ ಗಟ್ಟಿಯಾಗಿದ್ದವು.

ಕೊಯ್ದು, ಯಂತ್ರಕ್ಕಿಟ್ಟು ನೋಡಿದರೆ ಹುಟ್ಟಿನ ಗೆರೆ ಚೆಂದ ಬಂತು. ಹಾಲಿನದು ಬರಲಿಲ್ಲ. ಷಷ್ಠಿಗೆ ಧಡಕ್ಕನೆ ಇಳಿಯಬೇಕಾದ ಬೇರಿಯಂ ಇಳಿಯದೆ, ಹೆಚ್ಚುಕಡಿಮೆ ಶಿವರಾತ್ರಿಯವರೆಗೂ ನಿಂತು, ಆಮೇಲೆ ಮೆಲ್ಲನೆ ಜಾರಿತ್ತು. ನನಗೆ ಅಳು ಬಂತು. ಉಪ್ಪು ಸುಣ್ಣಕ್ಕೆ ಶಾಪ ಹಾಕಿದೆ. ಆದರೆ ಮಣ್ಣು ಹೊಕ್ಕಿದ್ದರೆ ಹಲ್ಲಿನ ಹೊರ ಅಂಚಿನಲ್ಲಿ ಹೆಚ್ಚು, ಒಳಗೆ ಕಡಿಮೆ ಇರಬೇಕು. ಹಾಗಿರಲಿಲ್ಲ. ದವಡೆಯ ಆಚೆ ಬದಿಯ ಹಲ್ಲನ್ನೂ ಕೊಯ್ದೆ. ಅದೂ ಶಿವರಾತ್ರಿ ಎಂದೇ ಹೇಳಿತು. ಇಷ್ಟಾದ ಮೇಲೆ ಹಲ್ಲನ್ನು ಬೈಯಲು ಮನಸ್ಸು ಒಪ್ಪಲಿಲ್ಲ.

ಮತ್ತೆ ನೆಲ್ಯಾಡಿಗೆ ಹೋದೆ. ಕರುವಿಗೆ ಎಲ್ಲಿಂದಾದರೂ ಹಾಲು ತಂದು ಕೊಟ್ಟದ್ದುಂಟೇ ಎಂದು ಕೇಳಿದ್ದಕ್ಕೆ ಚಿಕ್ಕಮ್ಮನಿಗೆ ಸಿಟ್ಟು ನೆತ್ತಿಗೇರಿತು.

"ಹಾಲು ಎಲ್ಲಿಂದ ಮಾರಾಯ್ತಿ? ಗಂಜಿ ತೆಳಿ ಕುಡಿಸಿ ಸಾಕಿದ್ದು ನಾನು. ನಿನ್ನ ಮಿಶನಿಗೆ ಗೊತ್ತುಂಟಾ?"

ಅಂಗಳಕ್ಕಿಳಿದು ಬೇಲಿಯಾಚೆ ನೋಡಿದೆ. ಅನ್ನಮ್ಮ ಚೇಚಿ ರಬ್ಬರ್ ಶೀಟು ಒಣಗಲು ಹಾಕುತ್ತಿದ್ದರು. ಆ ಕಡೆ ಹೋಗುವುದೆಂದರೆ ಚಿಕ್ಕಮ್ಮನ ಕಣ್ಣೆದುರೇ ಹೋಗಬೇಕು. ಹೋದೆ. ತುಂಗೆಯ ಹೆಸರೆತ್ತಿದ್ದೇ ಅವರು ಕೈಯಲ್ಲಿದ್ದ ಶೀಟನ್ನು ಮಡಚಿ, ಬಿಡಿಸಿ, ಮತ್ತೆ ಮಡಚಿದರು. ಗದ್ದಲ ಮಾಡಲಿಕ್ಕೆ ಬಂದದ್ದಲ್ಲ, ನನಗೆ ತಿಳಿಯಲೇಬೇಕು ಎಂದೆ. ಅವರು ನನ್ನನ್ನು ಮಗಳೇ ಎಂದೇ ಕರೆಯುವುದು, ತಮ್ಮ ಮಲಯಾಳದಲ್ಲಿ.

"ಮೋಳೇ, ತಂತಿ ಬಿಗಿದದ್ದು ಮೇಲಿನ ಸಂದಿಗೆ. ಕೆಳಗೆ ನೀರಿನ ತೋಡಿನ ಹತ್ತಿರ ಇನ್ನೊಂದು ಉಂಟು. ಕರು ಅಲ್ಲಿಂದ ಬರ್ತಿತ್ತು, ನನ್ನ ದನ ನಿಂತು ಹಾಲು ಕೊಡ್ತಿತ್ತು. ನಾನು ಅದನ್ನು ಮುಚ್ಚಲಿಲ್ಲ. ನನ್ನ ಗೆಣಸು ತಿಂದೇ ಅಲ್ವಾ ಅದರ ತಾಯಿ ಸತ್ತದ್ದು?"

ಯಾವಾಗಿನವರೆಗೆ ಎಂದು ಕೇಳಿದೆ. ಬೇಸಗೆಗೆ ತನ್ನ ದನದ ಹಾಲು ಬತ್ತುವವರೆಗೆ ಎಂದರು. ಹಲ್ಲು ಹೇಳಿದ್ದೂ ಅದನ್ನೇ. ನನಗೆ ಕುಣಿಯಬೇಕೆನಿಸಿತು, ನಾಚಿಕೆಯೂ ಆಯಿತು.

ಇದನ್ನು ಚಿಕ್ಕಮ್ಮನಿಗೆ ಹೇಳಬೇಕೋ ಬೇಡವೋ ಎಂದು ಬೇಲಿ ದಾಟುವಷ್ಟರಲ್ಲಿ ನೂರು ಸಲ ಯೋಚಿಸಿದೆ. ಹೇಳದೆ ಆ ಹಲ್ಲಿನ ಬಗ್ಗೆ ಒಂದು ಸಾಲೂ ಬರೆಯುವುದಿಲ್ಲ ಎಂದು ನಿಶ್ಚಯಿಸಿ, ಹೇಳಿಬಿಟ್ಟೆ. ಚಿಕ್ಕಮ್ಮ ಕೇಳಿದ್ದು ಒಂದೇ.

"ಹಾಗಾದ್ರೆ ನನ್ನ ಗಂಜಿದು ಎಂತದೂ ಇಲ್ವಾ ಆ ಹಲ್ಲಲ್ಲಿ?"

ಗಂಜಿಯೂ ಇತ್ತು, ಹಾಲು ಜಾರಿದಲ್ಲಿಂದ ಮುಂದೆ ಬೆಳೆದ ಹಲ್ಲೆಲ್ಲ ಗಂಜಿಯದು, ಹುಲ್ಲಿನದು. ಇಬ್ಬರೂ ಸೇರಿಯೇ ಅದು ಬದುಕಿದ್ದು ಎಂದೆ. ಸಮಾಧಾನಕ್ಕೆ ಹೇಳಿದ್ದಲ್ಲ, ನಿಜವೇ ಅದು. ಮರುದಿನ ಬೆಳಿಗ್ಗೆ ನಾನು ಬಸ್ಸಿಗೆ ಹೊರಡುವಾಗ ಚಿಕ್ಕಮ್ಮ ಕತ್ತಿ ಹಿಡಿದು ಬೇಲಿಯ ಹತ್ತಿರ ನಿಂತಿದ್ದರು. ಒಂದು ಕ್ಷಣ ಹೆದರಿದೆ. ನೋಡಿದರೆ ಮೇಲಿನ ಸಂದಿಯ ತುಕ್ಕು ಹಿಡಿದ ತಂತಿಯನ್ನು ಕತ್ತಿಯ ಹಿಂಬದಿಯಿಂದ ಜಜ್ಜಿ ಬಿಡಿಸುತ್ತಿದ್ದರು.

ಕ್ಲಿನಿಕ್ಕಿನ ಬಾಗಿಲು ತೆರೆಯಿತು. ಚಿಕ್ಕಮ್ಮ ಕೆನ್ನೆಗೆ ಹತ್ತಿ ತುರುಕಿಕೊಂಡು ಬಂದರು. ಇವತ್ತು ಗಟ್ಟಿಯಾದ್ದು ಏನೂ ತಿನ್ನಬಾರದು ಎಂದು ಡಾಕ್ಟರು ಹೇಳಿ ಮುಗಿಸುವ ಮೊದಲೇ, ನನ್ನ ಪಕ್ಕ ಕೂತಿದ್ದ ಅನ್ನಮ್ಮ ಚೇಚಿ ಚೀಲದಿಂದ ಫ್ಲಾಸ್ಕು ತೆಗೆದರು. ಒಳಗೆ ಗಂಜಿಯ ತೆಳಿ. ಆಮೇಲೆ ಕುಡಿಯಲಿಕ್ಕೆ ಎಂದು ಬೆಳಗ್ಗೆಯೇ ಮಾಡಿ ತಂದದ್ದಂತೆ. ಚಿಕ್ಕಮ್ಮ ಫ್ಲಾಸ್ಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತರು.

ಮುಂದಿನ ವಾರ ನಾನು ಉತ್ತರಕ್ಕೆ ಹೊರಡುತ್ತೇನೆ. ತುಂಗೆಯ ಹಲ್ಲು ಓದಿದ್ದು ಸರಿಬಂತೆಂದು ಕಂಡು, ನೀರುಕುದುರೆ ಮರಿಯ ಹಲ್ಲು ಕೊಡಲು ಆ ಹಿರಿಯರು ಒಪ್ಪಿದ್ದಾರೆ. ಕೊಯ್ಯುತ್ತೇನೆ, ಕಂಡದ್ದನ್ನು ಬರೆಯುತ್ತೇನೆ. ಇಷ್ಟು ಕಾಲ ಇಂಥ ಕಡೆಯಲ್ಲೆಲ್ಲ 'ತಾಯಿಯ ಹಾಲು ಕುಡಿದ ಅವಧಿ' ಎಂದು ಬರೆಯುತ್ತಿದ್ದೆ. ಇನ್ನು ಹಾಗೆ ಬರೆಯಲಾರೆ. ಇಷ್ಟು ಕಾಲ ಈ ಮರಿಗೆ ಹಾಲು ಸಿಕ್ಕಿತು ಎಂದಷ್ಟೇ ಬರೆಯುತ್ತೇನೆ.