ಆಸ್ಪತ್ರೆ ಬೀದಿಯ ಮಂಡಿಯಮ್ಮ

ಕೊಬ್ಬರಿಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವಾಗ ಅವರ ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಒಳಗೆ ಒಣಗಿದ ಕೊಬ್ಬರಿ ಲೊಟಲೊಟ ಎಂದರೆ ಹಣೆಯ ವಿಭೂತಿ ಬಿರಿಯುವಷ್ಟು ಅಗಲವಾಗಿ ನಕ್ಕು ಕಾಯನ್ನು ಬಲಕ್ಕೆ ಎಸೆಯುವರು. ಸದ್ದಿಲ್ಲದಿದ್ದರೆ, "ಇನ್ನೂ ನಿದ್ದೆ ಮಾಡ್ತಾ ಐತೆ, ಮಲಗ್ಲಿ ಬಿಡು" ಎಂದು ಎಡಕ್ಕೆ. ಗಂಡ ತೀರಿಹೋದ ಮೇಲೆ, ಮಗ ಇನ್ನೂ ಚಿಕ್ಕವನಿರುವಾಗಲೇ, ಅರಸೀಕೆರೆಯ ಕೊಬ್ಬರಿ ಮಂಡಿಯನ್ನು ತಾವೇ ಮುಂದೆ ನಿಂತು ನಡೆಸಿದ ಹೆಂಗಸು. ಊರಿಗೆಲ್ಲ ಅವರು ಮಂಡಿಯಮ್ಮ.

ನಾನು ಬಾಣಾವರದಿಂದ ಮದುವೆಯಾಗಿ ಬಂದಾಗ ನನ್ನ ಗಂಡ ಹೊಸದಾಗಿ ಕಟ್ಟಿದ ಹೆರಿಗೆ ಆಸ್ಪತ್ರೆಯಲ್ಲಿ ಕಾಂಪೌಂಡರ್. ಆಸ್ಪತ್ರೆಗೆ ಅಂಟಿಕೊಂಡೇ ನಮ್ಮ ಮನೆ, ಎದುರಿಗೆ ಮಂಡಿ. ಮೊದಲ ದಿನವೇ ಮಂಡಿಯಮ್ಮ ರಸ್ತೆ ದಾಟಿ ಬಂದು ಬಾಗಿಲಲ್ಲಿ ನಿಂತು ಕೇಳಿದರು: "ಏನವ್ವಾ, ಅಡುಗೆ ಬತ್ತದಾ, ಇಲ್ಲಾ ಇಬ್ರೂ ಆಸ್ಪತ್ರೆ ಔಷಧಿ ಕುಡ್ಕೊಂಡೇ ಇರ್ತೀರಾ?" ಉತ್ತರಕ್ಕೆ ಕಾಯಲಿಲ್ಲ. ಸೆರಗಿನಡಿಯಿಂದ ರೊಟ್ಟಿ ಮತ್ತು ಕಾಯಿಚಟ್ನಿ ತೆಗೆದಿಟ್ಟು ಹೋದರು.

ಆಸ್ಪತ್ರೆ ಚೆನ್ನಾಗಿತ್ತು, ಬೀದಿ ಚೆನ್ನಾಗಿರಲಿಲ್ಲ. ಬೇಸಿಗೆಯಲ್ಲಿ ಧೂಳು, ಮಳೆಗಾಲದಲ್ಲಿ ಕೆಸರು. ಹೋಟೆಲಿನ ಮುಸುರೆ ನೀರು ಹರಿದುಬಂದು ಆಸ್ಪತ್ರೆಯ ಗೇಟಿನ ಮುಂದೆಯೇ ನಿಲ್ಲುತ್ತಿತ್ತು. ಸಂಜೆಯಾದರೆ ಒಂದು ದೀಪವಿಲ್ಲ. ಹಳ್ಳಿಯಿಂದ ಬಂದ ಬಸುರಿಯರು ಅಷ್ಟು ದೂರದಿಂದಲೇ ನೋಡಿ ಹೆದರಿ, "ಮನೇಲೇ ಆಗ್ಲಿ ಬಿಡಿ" ಎಂದು ಗಾಡಿ ತಿರುಗಿಸಿಕೊಂಡು ಹೋದದ್ದನ್ನು ನಾನೇ ಕಂಡಿದ್ದೇನೆ. ಹಾಗೆ ಹೋದವರಲ್ಲಿ ಒಬ್ಬಳು ಉಳಿಯಲಿಲ್ಲ. ಆ ಸುದ್ದಿ ಬಂದ ದಿನ ಮಂಡಿಯಮ್ಮ ಕೊಬ್ಬರಿ ಮುಟ್ಟಲಿಲ್ಲ.

ಪುರಸಭೆಯವರು ಒಂದು ದಾರಿ ಹೇಳಿದರು. ಚರಂಡಿ ಕಟ್ಟಿ, ದೀಪದ ಕಂಬ ನೆಟ್ಟು, ಹೊಂಗೆ ಸಸಿ ಕೊಡುವುದು ಅವರ ಪಾಲು. ಆಮೇಲಿನ ಸೀಮೆಎಣ್ಣೆ, ಗುಡಿಸುವ ಕೂಲಿ, ಗಿಡಗಳ ಆರೈಕೆ ಎಲ್ಲ ಬೀದಿಯವರು ಹಂಚಿಕೊಳ್ಳಬೇಕು. ಮಾತಾಡಲು ಎಲ್ಲರೂ ಆಸ್ಪತ್ರೆಯ ಜಗಲಿಯಲ್ಲಿ ಸೇರಿದರು. ನಾನು ಕಿಟಕಿಯಲ್ಲಿ ನಿಂತು ಕೇಳುತ್ತಿದ್ದೆ.

"ಹೆರಿಗೆ ಆಸ್ಪತ್ರೆ ಕಟ್ಕೊಂಡು ನನಗೇನ್ರೀ? ನನ್ನ ಹೆಂಡ್ತಿ ಹೆರೋದೆಲ್ಲ ಹೆತ್ತಾಯ್ತು" ಎಂದರು ಹೋಟೆಲಿನವರು.

"ನನ್ನ ಅಂಗಡಿ ಬೀದಿ ಕೊನೇಲೈತೆ. ಗೇಟಿನ ಮುಂದೆ ಇರೋರು ಕೊಡ್ಲಿ" ಎಂದರು ಜವಳಿ ಅಂಗಡಿಯವರು.

ಮಂಡಿಯಮ್ಮ ಎದ್ದು ನಿಂತು, "ಧೂಳು ನಿಮ್ಮ ಅಂಗಡಿ ಕೊನೇಲೈತೆ ಅಂತ ಕೇಳ್ಕೊಂಡು ಬತ್ತದಾ?" ಎಂದಾಗ ಎಲ್ಲರೂ ನಕ್ಕರು. ಹೋಟೆಲಿನವರು ಮಾತ್ರ ನಗಲಿಲ್ಲ. "ಧೂಳು ಎಬ್ಬಿಸೋದು ಯಾರವ್ವಾ? ಗೇಟಿಗೆ ಅಡ್ಡವಾಗಿ ನಿಲ್ಲೋ ಗಾಡಿಗಳು ಯಾರ್ವು? ಮೊದ್ಲು ಅವನ್ನ ತೆಗೆಸಿ, ಆಮೇಲೆ ನಮಗೆ ಹೇಳಿ" ಎಂದರು.

ಗಾಡಿಗಳು ಮಂಡಿಯವೇ. ಮೂಟೆ ಇಳಿಸಲು ಅದಕ್ಕಿಂತ ಅನುಕೂಲದ ಜಾಗ ಬೇರೆ ಇರಲಿಲ್ಲ. ಮಂಡಿಯಮ್ಮನ ಮುಖ ಒಂದು ಗಳಿಗೆ ಕೆಂಪಾಯಿತು. ಆಮೇಲೆ ಮೆಲ್ಲಗೆ, "ನಿಜ ಕಣಪ್ಪಾ. ನನ್ನ ಗಾಡಿನೇ ಮೊದ್ಲು" ಎಂದವರು ಅಲ್ಲಿಂದಲೇ ಗಾಡಿಯವರನ್ನು ಕೂಗಿದರು: "ಏನ್ಲಾ, ಎತ್ತು ಹೂಡ್ರೋ! ಇವತ್ತಿಂದ ಹಿಂದಿನ ಓಣಿಗೆ!"

ಅಂದಿನಿಂದ ಮೂಟೆಗಳು ಹಿಂದಿನ ಓಣಿಯಿಂದ ಸುತ್ತಿ ಬರಬೇಕಾಯಿತು. ಹಮಾಲರಿಗೆ ಹೆಚ್ಚು ಕೂಲಿ ಕೊಟ್ಟರು, ಯಾರ ಮುಂದೆಯೂ ಗೊಣಗಲಿಲ್ಲ. ಇದನ್ನು ಕಂಡ ಮೇಲೆ ಹೋಟೆಲಿನವರು ತಾವಾಗಿ ಬಂದು, ಮುಸುರೆ ನೀರಿಗೆ ಹಿತ್ತಲಲ್ಲಿ ಗುಂಡಿ ತೋಡಿಸುತ್ತೇನೆ, ಗುಡಿಸುವವಳಿಗೆ ದಿನಾ ತಿಂಡಿ ನನ್ನದು ಎಂದರು. ಎಣ್ಣೆಯನ್ನು ಉಳಿದ ಅಂಗಡಿಗಳು ಸರದಿಯಂತೆ ಹೊತ್ತುಕೊಂಡವು. ದುಡ್ಡಿಲ್ಲದ ಕಮ್ಮಾರ ಗಿಡಗಳಿಗೆ ಕಟಕಟೆ ಮಾಡಿಕೊಟ್ಟ.

ಜವಳಿಯವರೊಬ್ಬರೇ ಒಪ್ಪಲಿಲ್ಲ. ಅವರ ಅಂಗಡಿಯ ಮುಂದಿನ ಕಂಬಕ್ಕೆ ಎಣ್ಣೆ ಹಾಕಬೇಡಿ ಎಂದು ಕೆಲವರು ಹಟ ಹಿಡಿದರು. ಮಂಡಿಯಮ್ಮ ಬಿಡಲಿಲ್ಲ. "ಅಲ್ಲೂ ಹಚ್ರೋ. ಕತ್ತಲೇಲಿ ಬಿದ್ರೆ ಬಸುರಿ ಬೀಳ್ತಾಳೆ, ಅವನು ಬೀಳಲ್ಲ" ಎಂದರು.

ದೀಪ ಹತ್ತಿತು. ಆ ಬೆಳಕಿಗೆ ಜವಳಿಯವರಿಗೆ ಸಂಜೆಯ ವ್ಯಾಪಾರವೂ ಕುದುರಿತು. ಸೀರೆಯ ಬಣ್ಣ ನೋಡಲು ಕಂಬದ ಕೆಳಗೆ ಬರುವ ಹೆಂಗಸರು, "ಒಳ್ಳೇ ದೀಪ ಹಾಕ್ಸಿದೀರಿ ಸಾವ್ಕಾರ್ರೇ" ಎಂದು ಹೊಗಳತೊಡಗಿದರು. ಎಷ್ಟು ದಿನ ಸುಮ್ಮನೆ ತಲೆಯಾಡಿಸಲಾದೀತು? ಒಂದು ಬೆಳಿಗ್ಗೆ ಮಂಡಿಗೆ ಬಂದು, "ನನ್ನ ಪಾಲು ಹೇಳವ್ವಾ" ಎಂದರು.

"ಎಣ್ಣೆಗೆ ಜನ ಆಯ್ತು, ಗುಡಿಸೋಕೂ ಆಯ್ತು. ಗಿಡ ಬಾಕಿ ಐತೆ. ಆದ್ರೆ ಆಳು ಕಳಿಸಂಗಿಲ್ಲ."

ಮರುದಿನದಿಂದ ಜರಿಯಂಚಿನ ಪಂಚೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ ಬೀದಿಯುದ್ದಕ್ಕೂ ಬಿಂದಿಗೆ ಹೊರುವ ಸಾವ್ಕಾರ್ರನ್ನು ನೋಡಲು ನಾವೆಲ್ಲ ಬಾಗಿಲಿಗೆ ಬಂದು ನಿಲ್ಲುತ್ತಿದ್ದೆವು. ಮೊದಮೊದಲು ಅವರಿಗೆ ನಾಚಿಕೆ. ಬರಬರುತ್ತಾ ಸಸಿಗಳ ಮೇಲೆ ಎಂಥ ಮೋಹ ಹುಟ್ಟಿತೆಂದರೆ, ಗಿರಾಕಿಯ ಮುಂದೆ ಹಾಸಿದ ಸೀರೆ ಬಿಟ್ಟು ಮೊಳಗೋಲು ಹಿಡಿದು ಮೇಕೆಗಳನ್ನು ಅಟ್ಟಿಸಿಕೊಂಡು ಓಡುವರು. ಮಂಡಿಯಮ್ಮ ಕೊಬ್ಬರಿ ರಾಶಿಯ ಮೇಲೆ ಒರಗಿ ಕಣ್ಣಲ್ಲಿ ನೀರು ಬರುವಂತೆ ನಗುವರು.

ಬಸುರಿಯರನ್ನು ತಂದ ಗಾಡಿಗಳು ಹಿಂದಿರುಗುವುದು ನಿಂತಿತು. ನನ್ನ ಮಗಳೂ ಆ ಆಸ್ಪತ್ರೆಯಲ್ಲೇ ಹುಟ್ಟಿದಳು. ತಾಯಿಯಿಲ್ಲದ ನನ್ನ ಬಾಣಂತನಕ್ಕೆ ಮಂಡಿಯಮ್ಮ ಮಂಡಿಯನ್ನೇ ಗುಮಾಸ್ತರಿಗೆ ಒಪ್ಪಿಸಿ ಬಂದರು. ನಾನು ಸಂಕೋಚಪಟ್ಟರೆ, "ಸುಮ್ನಿರವ್ವಾ. ಕೊಬ್ಬರಿ ಕಾಯ್ತದೆ, ಕೂಸು ಕಾಯಲ್ಲ" ಎಂದು ಗದರಿಸುವರು. ನನಗೆ ತಾಯಿ ಎಂದರೆ ನೆನಪಾಗುವುದು ಎಣ್ಣೆ ಸವರಿದ ಆ ಒರಟು ಕೈಗಳೇ.

ಸ್ವಾತಂತ್ರ್ಯ ಬಂದ ಮರುವರ್ಷ ಅವರು ತೀರಿಕೊಂಡರು. ಹೂವಿನ ವಿಮಾನದಲ್ಲಿ ಕೂರಿಸಿ, ಊರಿನ ತಮಟೆಗಳನ್ನೆಲ್ಲ ಕರೆಸಿ ಮೆರವಣಿಗೆ ಹೊರಡಿಸಿದರು. ಹಿಂದಿನ ವಾರವೇ ಅವರು ಮಗನಿಗೆ ಹೇಳಿದ್ದರಂತೆ: "ನಮ್ಮ ಬೀದೀಲೇ ಕರ್ಕೊಂಡ್ಹೋಗು. ಆದ್ರೆ ಆಸ್ಪತ್ರೆ ಮುಂದೆ ತಮಟೆ ಬ್ಯಾಡ, ಕೂಸುಗಳು ಮಲಗಿರ್ತವೆ." ಮೊದಲ ಹೊಂಗೆಯ ನೆರಳು ಬಂದಾಗ ಜವಳಿಯವರು ಕೈ ಎತ್ತಿದರು. ತಮಟೆ ನಿಂತಿತು. ಅಷ್ಟು ದೊಡ್ಡ ಗುಂಪು ಬರಿಯ ಹೆಜ್ಜೆಯ ಸದ್ದಿನಲ್ಲಿ ಗೇಟು ದಾಟಿತು. ಬಾಣಂತಿಯರು ಕೂಸುಗಳನ್ನು ಎದೆಗವಚಿಕೊಂಡು ಕಿಟಕಿಗಳಲ್ಲಿ ನಿಂತಿದ್ದರು. ಕೊನೆಯ ಮರ ದಾಟಿದೊಡನೆ ಜವಳಿಯವರು ಕಣ್ಣೊರೆಸಿಕೊಂಡು, "ಈಗ ಬಡೀರೋ, ಊರು ನಡುಗಂಗೆ ಬಡೀರೋ!" ಎಂದು ಕೂಗಿದರು.