ಒಂದು ಡಿಕ್ಕಿ, ಎರಡು ಎಲೆಕ್ಟ್ರಾನ್

1994 ಇರಬೇಕು; 95 ಎಂದು ಯಾರಾದರೂ ಹೇಳಿದರೆ ವಾದಿಸುವುದಿಲ್ಲ. ಆಗ ನಾನು ಪಾಂಡವಪುರದ ಕಾಲೇಜೊಂದರಲ್ಲಿ ಭೌತಶಾಸ್ತ್ರದ ತಾತ್ಕಾಲಿಕ ಉಪನ್ಯಾಸಕ. ಪಿಎಚ್.ಡಿ. ಪ್ರಬಂಧವನ್ನು ಆ ಬೇಸಿಗೆಯಲ್ಲಿ ಸಲ್ಲಿಸಿದರೆ ಮಾತ್ರ ಕಾಯಂ ಹುದ್ದೆಯ ಸಂದರ್ಶನಕ್ಕೆ ಹೋಗಬಹುದಿತ್ತು.

ವಿಷಯ ಕ್ವಾಂಟಮ್ ಫೀಲ್ಡ್ ಥಿಯರಿ, ಅಂದರೆ ಸೂಕ್ಷ್ಮ ಕಣಗಳ ವರ್ತನೆಯನ್ನು ವಿವರಿಸುವ ಸಿದ್ಧಾಂತ. ಎರಡು ಎಲೆಕ್ಟ್ರಾನ್‌ಗಳು ಡಿಕ್ಕಿ ಹೊಡೆದು ಚದುರುವುದಕ್ಕೆ ಈ ಸಿದ್ಧಾಂತ ಆಂಪ್ಲಿಟ್ಯೂಡ್ ಎಂಬ ಸಂಖ್ಯೆಯನ್ನು ಕೊಡುತ್ತದೆ. ಅದನ್ನು ಯಾವ ಉಪಕರಣವೂ ನೇರವಾಗಿ ಅಳೆಯಲಾರದು. ಅದರ ಪರಿಮಾಣವನ್ನು ವರ್ಗ ಮಾಡಿದರೆ, ಎಲೆಕ್ಟ್ರಾನ್ ಯಾವ ದಿಕ್ಕಿಗೆ ಹೋಗುವ ಸಂಭವ ಎಷ್ಟು ಎಂಬುದು ಸಿಗುತ್ತದೆ. ಎಲ್ಲ ದಿಕ್ಕುಗಳ ಸಂಭವವನ್ನೂ ಕೂಡಿಸಿದರೆ, ಪ್ರಯೋಗಶಾಲೆಯಲ್ಲಿ ಎಷ್ಟು ಡಿಕ್ಕಿಗಳು ದಾಖಲಾಗಬೇಕೆಂದು ಮೊದಲೇ ಹೇಳಬಹುದು. ನನ್ನ ಲೆಕ್ಕ, ಪ್ರಕಟವಾಗಿದ್ದ ಪ್ರಯೋಗದ ಎಣಿಕೆಯ ಎರಡು ಪಟ್ಟು ಬಂತು. ಯಾರನ್ನೂ ನಂಬದ ನಾನು ನನ್ನನ್ನು ಮಾತ್ರ ನಂಬಿ, ಪ್ರಯೋಗವೇ ತಪ್ಪೆಂದು ಒಂದು ಅಧ್ಯಾಯ ಬರೆದೆ.

ಶ್ರೀರಂಗಪಟ್ಟಣದಲ್ಲಿ ಸುತ್ತಲಿನ ತಾಲ್ಲೂಕುಗಳ ಉಪನ್ಯಾಸಕರ ಕಾರ್ಯಾಗಾರ ನಡೆಯಿತು. ಮುಂದಿನ ಸಾಲಿನಲ್ಲಿ ನನ್ನ ಮಾರ್ಗದರ್ಶಕರು. ಅವರಿನ್ನೂ ನೋಡಿರದ ಆ ಅಧ್ಯಾಯವನ್ನೇ ಬೋರ್ಡಿನ ಮೇಲೆ ಹೆಮ್ಮೆಯಿಂದ ಬರೆದೆ. ಕೆ.ಆರ್. ಪೇಟೆಯ ಉಪನ್ಯಾಸಕಿಯೊಬ್ಬರು ಎದ್ದರು.

“ಸಾರ್, ಒಂದು ಡಿಕ್ಕಿ ಆದ್ರೆ ಎಷ್ಟು ಎಲೆಕ್ಟ್ರಾನ್ ಆಚೆ ಬರ್ತವೆ?”

“ಎರಡು, ಮೇಡಂ.”

“ಎರಡೂ ಒಂದೇ ಥರ. ಒಂದು ಈ ಕಡೀಕೆ, ಇನ್ನೊಂದು ಆ ಕಡೀಕೆ. ಎಲ್ಲಾ ದಿಕ್ಕೂ ಕೂಡಿಸ್ದಾಗ ಒಂದೇ ಡಿಕ್ಕೀನ ಎರಡ್ಸಲ ಎಣಿಸ್ಬುಟ್ರಲ್ವಾ?”

ಎರಡರಿಂದ ಭಾಗಿಸಬೇಕಿತ್ತು. ಎಂ.ಎಸ್ಸಿ.ಯಲ್ಲೇ ನಾನು ಕಲಿತಿದ್ದ ಪಾಠವದು. ಬೋರ್ಡಿನ ಕಡೆ ತಿರುಗಿ ನಿಂತೆ. ಹಿಂದೆ ಇಡೀ ಹಾಲ್ ನಕ್ಕಿತು.

ಮಾರ್ಗದರ್ಶಕರು ಹೊರಗೆ ಮೆಲ್ಲಗೆ ಹೇಳಿದರು: “ಆ ಅಧ್ಯಾಯ ತೆಗೀರಿ. ಉಳಿದ ಲೆಕ್ಕಾನೂ ಮೊದಲಿಂದ ನೋಡ್ಬೇಕು. ಈ ವರ್ಷ ಆಗಲ್ಲ.”

ಕಾಯಂ ಹುದ್ದೆಯ ಅವಕಾಶ ಹೋಯಿತು. ಸಭೆಯಲ್ಲಿದ್ದ ನಾಗಮಂಗಲದ ಗೆಳೆಯ ನಂಜೇಗೌಡ ಬಸ್ ನಿಲ್ದಾಣದ ಹೋಟೆಲಿಗೆ ಎಳೆದೊಯ್ದ. “ಬೈ ಟೂ ಟೀ ಹೇಳೀವ್ನಿ ಕಣ್ಲಾ. ಇದ್ನಾದ್ರೂ ಸರ್ಯಾಗಿ ಅರ್ಧ ಮಾಡು!” ನನ್ನ ಪಾಲನ್ನೂ ಅವನ ಕಡೆಗೇ ಸರಿಸಿದೆ.

ಮುಂದೆ ಪದವಿಯೂ ಬಂತು, ಹುದ್ದೆಯೂ ಬಂತು. ನಿವೃತ್ತನಾದ ಮೇಲೆ ನಂಜೇಗೌಡನ ಹತ್ತಿರ ಆ ನಗುವಿನ ಮಾತೆತ್ತಿದೆ.

“ಯಾರ್ಲಾ ನಕ್ಕಿದ್ದು? ನಕ್ಕೋನು ನಾನೊಬ್ನೇ. ಅದೂ ನಿನ್ನ ಪ್ಯಾಂಟ್ ಹಿಂದ್ಗಡೆ ಎಲ್ಲಾ ಸೀಮೆಸುಣ್ಣ ಆಗಿತ್ತು ಅಂತ.”

ಅವನ ನೆನಪೇ ಸರಿಯೆಂದು ಹೇಗೆ ಹೇಳಲಿ? ಸಿದ್ಧಾಂತವೆಷ್ಟೇ ಆಳವಾಗಿರಲಿ, ಪ್ರಯೋಗದೆದುರು ನಿಲ್ಲುವ ಮುನ್ನ ಏನನ್ನು ಎಣಿಸುತ್ತಿದ್ದೇನೆಂದು ಕೇಳಿಕೊಳ್ಳುವುದನ್ನು ವೃತ್ತಿ ಕಲಿಸಿತು. ಆ ಹಾಲ್ ನೆನಪಾದರೆ ಮಾತ್ರ ಇಂದಿಗೂ ಕಿವಿ ಬಿಸಿಯಾಗುತ್ತದೆ. ಒಬ್ಬನ ನಗುವನ್ನು ಇಷ್ಟು ವರ್ಷ ಎಷ್ಟು ಸಲ ಎಣಿಸಿದೆನೋ.